ಒಂದೇ ಮಾತಿನ ಸ್ತೋತ್ರ

ಮೊನ್ನೆ ಮನೆಯ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುವಾಗ ಆ ವಾಸನೆ ಮೂಗಿಗೆ ಬಡಿಯಿತು. ತೆಳ್ಳನೆಯ ಎಣ್ಣೆ, ಜೊತೆಗೆ ಹೊಸ ಬಟ್ಟೆಯ ಗಂಜಿ... ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡು ಕಣ್ಣಿಗೆ ಕಟ್ಟಿತು. ನಾವು ಅಲ್ಲಿ ಶರ್ಟು ಹೊಲಿಯುತ್ತಿದ್ದೆವು. ನನ್ನ ಪಕ್ಕದ ಮಷಿನ್ನು ಆಕೆಯದು. ಆಕೆಯನ್ನು ನೆನೆಯುವ ಯೋಗ್ಯತೆ ನನಗಿಲ್ಲ, ಆದರೂ ನೆನಪಾದಳು.

ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದುದರಿಂದ ಎಲ್ಲರಿಗೂ ಆಕೆ ಹರಿಹರದಕ್ಕ. ಕ್ರೈಸ್ತರಾಕೆ. ಸೂಜಿಯ ಕಣ್ಣಿಗೆ ದಾರ ಹೊಕ್ಕರೆ "ಕರ್ತನಿಗೆ ಸ್ತೋತ್ರ". ಹೋದ ಕರೆಂಟು ಬಂದರೆ "ಕರ್ತನಿಗೆ ಸ್ತೋತ್ರ". ಮೊದಲ ಸಲ ಕೇಳಿದಾಗ ನಾನು ಕೆಲಸ ಬಿಟ್ಟು ಕೈಮುಗಿದು ಕೂತಿದ್ದೆ. ನಮ್ಮ ಮನೆಯಲ್ಲಿ ಸ್ತೋತ್ರವೆಂದರೆ ಅರ್ಧ ಗಂಟೆಯದು.

"ಮುಂದಿಂದು ಹೇಳ್ರಿ ಅಕ್ಕಾ" ಅಂದೆ.

"ಮುಂದೇನೈತೆ ತಂಗೆಮ್ಮಾ? ಮುಗೀತು" ಎಂದು ಆಕೆ ನಕ್ಕಿದ್ದಳು.

ಸಂಜೆ ಹೊರಡುವಾಗ ಬರೀ "ಬರ್ತೀನಿ" ಅಂದದ್ದೇ ಇಲ್ಲ. "ದೇವರ ಚಿತ್ತ ಇದ್ರೆ ನಾಳಿಗೆ ಬರ್ತೀನಿ." ಸೂಪರ್‌ವೈಸರ್ ಗೇಲಿ ಮಾಡುತ್ತಿದ್ದ: "ನಿಮ್ ದೇವ್ರಿಗೆ ಹೇಳ್ರಿ, ನಾಳೆ ಆರ್ಡರ್ ಅರ್ಜೆಂಟ್ ಐತೆ." ಹೀಗೆ ಹೇಳಿದವನೇ ಆಕಳಿಸಿ "ಬಸವಾ..." ಎನ್ನುತ್ತಿದ್ದ. ಕಟಿಂಗ್ ಮಾಸ್ತರರು ಮಾತಿಗೊಮ್ಮೆ "ಇನ್ಷಾ ಅಲ್ಲಾ" ಎನ್ನುತ್ತಿದ್ದರು. ನಾನು ಸೀನಿದರೂ ಶಿವಾ, ಕೆಮ್ಮಿದರೂ ಶಿವಾ. ದೇವರ ಹೆಸರಿಲ್ಲದ ಬಾಯಿ ಆ ಶೆಡ್ಡಿನಲ್ಲಿ ಒಂದೂ ಇರಲಿಲ್ಲ. ಆದರೂ ಎಲ್ಲರ ಕಿವಿಗೆ ಚುಚ್ಚುತ್ತಿದ್ದುದು ಆಕೆಯ ಮಾತು ಮಾತ್ರ.

ನನ್ನ ಮಗನಿಗೆ ಟೈಫಾಯ್ಡ್ ಆದಾಗ "ಪ್ರಾರ್ಥನೆ ಮಾಡ್ತೀನಿ ತಂಗೆಮ್ಮಾ" ಅಂದಳು. ಅಂದು ಸುಮ್ಮನಾಗದೆ ನನ್ನ ಪಾಲಿನ ಕಾಲರುಗಳನ್ನೂ ವಾರವಿಡೀ ತಾನೇ ಹೊಲಿದಳು. ಚರ್ಚಿಗೆ ಬಾ ಎಂದು ಒಂದು ದಿನವೂ ಕರೆದವಳಲ್ಲ.

ಮೂರು ವರ್ಷ ಪಕ್ಕದಲ್ಲಿ ಕೂತರೆ ಆಕೆಯ ಮಾತು ನನ್ನ ನಾಲಿಗೆಗೂ ಹತ್ತದೆ ಇರುತ್ತದೆಯೇ? ಒಂದು ಸೋಮವಾರ ಸಂಜೆ ಮನೆಯಲ್ಲಿ ಅತ್ತೆ ಕೌದಿ ಹೊಲಿಯಲು ಕೂತಿದ್ದರು. ಕಣ್ಣು ಕಾಣದೆ ಸೂಜಿಯನ್ನು ನನ್ನ ಕೈಗೆ ಕೊಟ್ಟರು. ದಾರ ಒಂದೇ ಸಲಕ್ಕೆ ಹೊಕ್ಕಿತು. "ಕರ್ತನಿಗೆ ಸ್ತೋತ್ರ" ಎಂದುಬಿಟ್ಟೆ.

"ಯಾವ ಕರ್ತನೇ ಅವ್ನು?" ಅತ್ತೆ ಕೌದಿ ಒದ್ದು ಎದ್ದರು. "ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತಾರಲ್ಲ, ಹಂಗಾತು. ಆ ಹರಿಹರದಾಕಿ ನಿನ್ ಜಾತಿ ಕೆಡಿಸ್ಯಾಳೆ!"

ಬಾಯಿ ತಪ್ಪಿ ಬಂತು ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಮರುದಿನ ಗಂಡ ಓಣಿಯ ಇಬ್ಬರನ್ನು ಕಟ್ಟಿಕೊಂಡು ಫ್ಯಾಕ್ಟರಿಗೇ ಬಂದ. ಮತಾಂತರ ಮಾಡುತ್ತಿದ್ದಾಳೆ, ಪೊಲೀಸರಿಗೆ ಹೇಳುತ್ತೇನೆ ಎಂದು ಗೇಟಿನಲ್ಲಿ ಕೂಗಾಡಿದ. ಮ್ಯಾನೇಜರ್ ನಮ್ಮಿಬ್ಬರನ್ನೂ ಒಳಗೆ ಕರೆಸಿದರು. ಸತ್ಯ ಯಾವುದೆಂಬ ಚಿಂತೆ ಅವರಿಗೇನೂ ಇರಲಿಲ್ಲ, ಗಲಾಟೆ ಮುಗಿದರೆ ಸಾಕಿತ್ತು.

"ನೋಡಮ್ಮಾ, ಆ ಮಾತು ಈಕಿ ನಿನಗೆ ಹೇಳಿಕೊಟ್ಟಿದ್ದು ಹೌದೋ ಅಲ್ಲೋ? ಒಂದ್ ಮಾತ್ನಾಗೆ ಹೇಳ್ಬಿಡು."

ಹೇಳಿಕೊಟ್ಟಿರಲಿಲ್ಲ. ಆಕೆಯ ಮಗಳ ನರ್ಸಿಂಗ್ ಓದು ಇನ್ನೊಂದು ವರ್ಷ ಬಾಕಿ ಇತ್ತು, ಈ ಕೆಲಸ ಹೋದರೆ ಅದೂ ನಿಲ್ಲುತ್ತದೆ. ಅದೂ ನನಗೆ ಗೊತ್ತಿತ್ತು. ಗಂಡ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಅಲ್ಲ ಅಂದರೆ ನಾನೇ ಬೇಕೆಂದು ಕಲಿತಂತಾಗುತ್ತದೆ, ಆಮೇಲೆ ಮನೆಯಲ್ಲಿ...

"ಹೂಂ" ಅಂದೆ.

ನಾಳೆಯಿಂದ ಬರಬೇಡ ಎಂದು ಮ್ಯಾನೇಜರ್ ಆಕೆಗೆ ಹೇಳಿದರು. ಆಕೆ ನನ್ನ ಮುಖ ನೋಡಿದಳು. ತನ್ನ ಮಷಿನ್ನಿಗೆ ಹೋಗಿ, ಸಿಕ್ಕಿಕೊಂಡಿದ್ದ ನೂಲಿನ ಕಸ ತೆಗೆದು, ಎರಡು ಹನಿ ಎಣ್ಣೆ ಬಿಟ್ಟು, ದಿನದಂತೆ ಹೊದಿಕೆ ಹಾಕಿದಳು. ಇನ್ನು ಬೇರೆ ಯಾರೋ ಕೂರುವ ಮಷಿನ್ನು ಅದು. ಬುತ್ತಿಯ ಚೀಲ ಹೆಗಲಿಗೇರಿಸಿ ನನ್ನ ಹತ್ತಿರ ನಿಂತಳು.

"ಬರ್ತೀನಿ ತಂಗೆಮ್ಮಾ."

ಅಷ್ಟೇ. ದೇವರ ಚಿತ್ತ ಇದ್ರೆ ಅನ್ನಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು ಎಂದು ಎಷ್ಟೋ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಆಕೆ ಮರೆಯುವವಳಲ್ಲ. ತನ್ನನ್ನು ಹೊರಗೆ ಹಾಕಿದ್ದು ಯಾರ ಚಿತ್ತ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ದಾವಣಗೆರೆಯಿಂದ ಹರಿಹರಕ್ಕೆ ಅರ್ಧ ಗಂಟೆ ದಾರಿ. ಮದುವೆ, ಮುಂಜಿ ಅಂತ ಎಷ್ಟೋ ಸಲ ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದೇನೆ. ಆಕೆಯ ಮನೆ ಯಾವ ಓಣಿಯಲ್ಲಿ ಎಂದು ಯಾರನ್ನೂ ಕೇಳಿಲ್ಲ. ಮಗಳು ನರ್ಸ್ ಆದಳೋ ಇಲ್ಲವೋ, ಆಕೆಯಾದರೂ ಇದ್ದಾಳೋ ಇಲ್ಲವೋ... ಹೆದರಿಕೆ ನನಗೆ. ಬೈದರೆ ಬೈಸಿಕೊಳ್ಳಬಹುದು. ಕ್ಷಮಿಸಿದ್ದೀನಿ ಎಂದುಬಿಟ್ಟರೆ ಏನು ಮಾಡಲಿ?

ಮೊನ್ನೆ ಎಣ್ಣೆ ಬಿಟ್ಟ ಮೇಲೆ ದಾರ ಪೋಣಿಸಲು ಕೂತೆ. ನನಗೂ ಈಗ ಕಣ್ಣು ಮಂಜು. ನಾಲ್ಕನೆಯ ಸಲಕ್ಕೆ ಹೊಕ್ಕಿತು. ಆ ಮಾತು ನಾಲಿಗೆಯ ತುದಿಗೆ ಬಂತು. ಅತ್ತೆ ತೀರಿಕೊಂಡು ವರ್ಷಗಳಾದವು, ಗಂಡ ಕುಕ್ಕುವಾಡದ ಹೊಲಕ್ಕೆ ಹೋಗಿದ್ದ, ಮನೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಆದರೂ ಬಾಗಿಲ ಕಡೆ ಒಮ್ಮೆ ನೋಡಿ, "ಶಿವಾ" ಅಂದೆ.