ಕಡಲೂರಿಗೆ ಹೋದ ಇಬ್ಬರು ಟೀಚರುಗಳು

ಚೀಲ ಹಿಡಿದು ನಿಂತವರನ್ನು ಕಂಡೂ 'ಎಲ್ಲಿಗೆ ಹೊರಟದ್ದು?' ಎಂದು ಕೇಳದಿದ್ದರೆ ಅದನ್ನು ಅನಾದರವೆಂದೇ ಭಾವಿಸುವ ಸೀಮೆ ನಮ್ಮದು. ಪುತ್ತೂರಿನ ಬಸ್ಸು ನಿಲ್ದಾಣದಲ್ಲಾಗಲಿ, ಕಡಬದ ಪೇಟೆಯ ಮರದ ಬುಡದಲ್ಲಾಗಲಿ, ಪ್ರಯಾಣಿಕರು ಟಿಕೇಟಿಗಿಂತ ಮೊದಲು ಈ ಪ್ರಶ್ನೆಗೆ ಸಲ್ಲಿಸಬೇಕಾದ ಉತ್ತರವನ್ನು ಸಿದ್ಧಪಡಿಸಿಕೊಂಡಿರಬೇಕು. ಉತ್ತರಗಳೂ ಪರಂಪರೆಯಿಂದ ನಿಶ್ಚಿತವಾದವುಗಳೇ: ಆಸ್ಪತ್ರೆಗೆ, ಕೋರ್ಟಿಗೆ, ಮದುವೆಗೆ, ಸುಬ್ರಹ್ಮಣ್ಯಕ್ಕೆ. ಇವುಗಳಲ್ಲಿ ಯಾವುದನ್ನು ಹೇಳಿದರೂ ಕೇಳಿದವರು ತೃಪ್ತರಾಗಿ ಎಲೆಗೆ ಸುಣ್ಣ ಹಚ್ಚುವುದನ್ನು ಮುಂದುವರಿಸುತ್ತಾರೆ. 'ಸುಮ್ಮನೆ' ಎಂಬ ಉತ್ತರಕ್ಕೆ ಮಾತ್ರ ನಮ್ಮಲ್ಲಿ ಮಾನ್ಯತೆಯಿಲ್ಲ. ಸುಮ್ಮನೆ ಹೊರಡುವವರು ಒಂದೋ ಸಂನ್ಯಾಸಿಗಳು, ಇಲ್ಲವೇ ಮನೆಯಲ್ಲಿ ಜಗಳವಾಡಿದವರು.

ಅರುವತ್ತರ ದಶಕದ ಆರಂಭದ ಒಂದು ಬೇಸಗೆ ರಜೆಯಲ್ಲಿ, ಸಂನ್ಯಾಸವನ್ನೂ ಸ್ವೀಕರಿಸದೆ ಜಗಳವನ್ನೂ ಮಾಡದೆ, ನಾವಿಬ್ಬರು ಹೆಂಗಸರು ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಕಡಬದಲ್ಲಿ ಬಸ್ಸು ಕಾಯುತ್ತ ನಿಂತಿದ್ದೆವು. ನಾನು ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಪುತ್ತೂರಿನ ಗುಮಾಸ್ತರೊಬ್ಬರ ಮಗಳು, ಮದುವೆಯ ವಯಸ್ಸನ್ನು ವ್ಯಾಕರಣದಲ್ಲಿ ಕಳೆದವಳು. ನನ್ನ ಜೊತೆಗಿದ್ದವಳು ಹೊಲಿಗೆಯ ಟೀಚರು ಪೂವಕ್ಕ. ಬೆಳ್ಳಾರೆಯಿಂದ ಸ್ವಲ್ಪ ಒಳಗಿನ ಹಳ್ಳಿಯ ಗೌಡರ ಮನೆಯವಳು, ಮನೆಯಲ್ಲಿ ಅರೆಭಾಷೆ ಆಡುವವಳು, ಶಾಲೆಯಲ್ಲಿ ಯಾವ ಭಾಷೆಯನ್ನೂ ಹೆಚ್ಚು ಆಡದವಳು. ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಅಂಥವಳು ಒಂದು ಸಂಜೆ ಅಕ್ಕಿ ಆರಿಸುತ್ತ, "ರಜೆಯಲ್ಲಿ ಸಮುದ್ರ ನೋಡ್ಲಿಕ್ಕೆ ಹೋಗುವನಾ?" ಎಂದು ಕೇಳಿದಾಗ ನನಗಾದ ಆಶ್ಚರ್ಯ ಇಷ್ಟಿಷ್ಟಲ್ಲ. ಸಾಗರವನ್ನು ವರ್ಣಿಸುವ ಪದ್ಯಗಳನ್ನು ಮಕ್ಕಳಿಗೆ ಅರ್ಥೈಸಿ ಅರ್ಥೈಸಿ, ಅದರ ಹತ್ತಾರು ಪರ್ಯಾಯಪದಗಳನ್ನು ಬಾಯಿಪಾಠ ಮಾಡಿಸಿದ್ದ ನಾನು ಒಂದೇ ಒಂದು ಸಲವೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ತಕ್ಷಣ ಒಪ್ಪಿದೆ.

ನಾವು ಹೋದ ಕಡಲೂರಿನ ಹೆಸರನ್ನು ಹೇಳಲಾರೆ. ಹೇಳಿದರೆ ಅಲ್ಲಿನ ವಸತಿಗೃಹಗಳವರು ನನ್ನನ್ನು ಮತ್ತೆ ಒಳಗೆ ಬಿಡಲಿಕ್ಕಿಲ್ಲ. ಮೊದಲ ಸಲವೂ ಬಿಟ್ಟಿರಲಿಲ್ಲವೆನ್ನುವುದು ಬೇರೆ ಮಾತು. ಘಟ್ಟದ ಮೇಲಿನವರು ಸಂಸಾರಸಮೇತರಾಗಿ ಬಿಸಿಲು ಕಾಯಿಸಲು ಇಳಿದು ಬರುವ ಋತುವದು. ಬೀದಿ ತುಂಬ ಬಣ್ಣದ ಕೊಡೆಗಳು, ಶಂಖದ ಅಂಗಡಿಗಳು, ಕಡಲೆಕಾಯಿ ಗಾಡಿಗಳು, ಕ್ಯಾಮರಾ ನೇತುಹಾಕಿಕೊಂಡು ಜನರನ್ನು ಅಡ್ಡಗಟ್ಟುವ ಫೋಟೋದವರು. ಆ ಗದ್ದಲದ ನಡುವೆ ಅಗ್ಗದ ಕೋಣೆಯೊಂದನ್ನು ಅರಸುತ್ತ ಹೊರಟ ನಮಗೆ ಎಲ್ಲ ಕಡೆಯೂ ಒಂದೇ ಸ್ವಾಗತ.

"ಗಂಡಸರು ಯಾರುಂಟು ಜೊತೆಗೆ?"

"ಯಾರೂ ಇಲ್ಲ."

"ಹಾಗಾದರೆ ಕೋಣೆಯೂ ಇಲ್ಲ."

ಒಬ್ಬ ಮಹಾಶಯರು ನನ್ನ ಹಣೆಯನ್ನೂ ಕೊರಳನ್ನೂ ಕ್ರಮವಾಗಿ ಪರೀಕ್ಷಿಸಿ, ಅಲ್ಲಿ ಕರಿಮಣಿ ಕಾಣದೆ, "ಎಂತ ಕೆಲಸಕ್ಕೆ ಬಂದದ್ದು?" ಎಂದರು. ಸಮುದ್ರ ನೋಡಲು ಎಂದೆ. ಅವರು ನಕ್ಕ ನಗೆಯ ಅರ್ಥವನ್ನು ನನ್ನ ವ್ಯಾಕರಣಜ್ಞಾನ ಬಿಡಿಸಿಕೊಟ್ಟಿತು. ಪೂವಕ್ಕ ಮಾತ್ರ ಅವಮಾನವನ್ನು ಗಮನಿಸಿದಂತೆಯೇ ತೋರಲಿಲ್ಲ. ಪ್ರತಿ ಬಾಗಿಲಲ್ಲೂ ಅವಳ ಕಣ್ಣು ಒಳಗಿನ ಗೋಡೆ, ಮೆಟ್ಟಿಲು, ಬೆಂಚುಗಳ ಮೇಲೆ ಓಡಾಡುತ್ತಿತ್ತು, ಯಾರೋ ಎದ್ದು ಬರುವುದನ್ನು ಕಾಯುವವಳಂತೆ.

ಸೋತು ಒಂದು ಚಹಾದಂಗಡಿಯ ಮುಂದೆ ಕುಳಿತು, ನಾನು ಲೋಕವನ್ನೆಲ್ಲ ಬಯ್ಯುತ್ತಿದ್ದಾಗ ಅಂಗಡಿಯಾತ ಲೋಟಗಳನ್ನಿಟ್ಟು, "ಪುತ್ತೂರು ಕಡೆಯವರಾ ನೀವು?" ಎಂದ. ಬೈಗುಳಕ್ಕೂ ಊರಿನ ಗುರುತಿರುತ್ತದೆಂದು ಅಂದು ತಿಳಿಯಿತು. ಆತ ಕುಂಬ್ರದ ಬ್ಯಾರಿ, ಹಸನಬ್ಬ. ಹೆಂಡತಿಯ ಊರಿಗೆ ಬಂದು ನೆಲೆಸಿದವ. ನಮ್ಮ ಕತೆ ಕೇಳಿ, "ಊರಿನ ಟೀಚರುಗಳು ರಸ್ತೆಯಲ್ಲಿ ನಿಲ್ಲುದುಂಟಾ ಮಾರಾಯ್ರೆ? ನಮ್ಮ ಮನೆ ಉಂಟಲ್ಲ. ಬೀಪಾತಿಮ, ಮಕ್ಕಳು ಎಲ್ಲ ಇದ್ದಾರೆ," ಎಂದು ಒಳಗೆ ಕೂಗಿಯೇಬಿಟ್ಟ. ಅಂಗಡಿಯ ಹಿಂದೆಯೇ ಮನೆ. ಬೀಪಾತಿಮ ನಮ್ಮನ್ನು ನೋಡಿ, ನಮ್ಮ ಚೀಲಗಳನ್ನು ನೋಡಿ, ಏನನ್ನೂ ಕೇಳದೆ ಗಂಜಿಗೆ ನೀರಿಟ್ಟಳು. ಆ ಗಂಜಿಯನ್ನು ಉಣ್ಣುವಾಗ ನನ್ನ ಮನೆತನದ ಮಡಿ ಒಂದು ಕ್ಷಣ ಗಂಟಲಲ್ಲಿ ಅಡ್ಡ ನಿಂತದ್ದು ನಿಜ. ಹಸಿವು ಅದನ್ನು ಪಕ್ಕಕ್ಕೆ ಸರಿಸಿತು.

ಸಂಜೆ ಇಬ್ಬರೂ ಕಡಲ ದಡಕ್ಕೆ ಇಳಿದೆವು. ಆ ಪ್ರಥಮದರ್ಶನವನ್ನು ಕುರಿತು ನಾನು ಏನಾದರೂ ರಸವತ್ತಾಗಿ ಹೇಳಬೇಕೆಂದು ನೀವು ನಿರೀಕ್ಷಿಸುತ್ತಿರಬಹುದು. ಬಾಯಿಪಾಠ ಮಾಡಿಸಿದ್ದ ಪರ್ಯಾಯಪದಗಳಲ್ಲಿ ಒಂದೂ ನೆನಪಾಗಲಿಲ್ಲ. ಅಷ್ಟೊಂದು ನೀರಿನ ಮುಂದೆ ಅಷ್ಟೊಂದು ಜನ ಕಿರುಚುತ್ತ, ನಗುತ್ತ, ಒಬ್ಬರನ್ನೊಬ್ಬರು ತೋಯಿಸುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು ನಾನೂ ಪಾದ ನೆನೆಸಿ, ಮಗುವಿನಂತೆ ಕುಣಿದು ತಿರುಗಿ ನೋಡಿದರೆ ಪೂವಕ್ಕ ಪಕ್ಕದಲ್ಲಿರಲಿಲ್ಲ. ದೂರದಲ್ಲಿ ಸೀಯಾಳ ಮಾರುವವನೊಬ್ಬನ ಮುಂದೆ ನಿಂತಿದ್ದಳು. ಹತ್ತಿರ ಹೋದಾಗ ಅವಳ ಮಾತು ಕಿವಿಗೆ ಬಿತ್ತು.

"ಬೆಳ್ಳಾರೆಯ ಹುಡುಗ. ಕುಶಾಲ ಅಂತ. ನೋಡ್ಲಿಕ್ಕೆ ನನ್ನ ಹಾಗೆಯೇ. ಇಬ್ಬರು ಸ್ನೇಹಿತರೊಟ್ಟಿಗೆ ಬಂದಿದ್ದ. ಇಲ್ಲಿ ನೀರಿಗೆ ಇಳಿದವ ಮತ್ತೆ ಬರಲಿಲ್ಲ."

ಸೀಯಾಳದವ ಕತ್ತಿ ಕೆಳಗಿಡದೆಯೇ, "ಯಾವ ವರ್ಷ?" ಎಂದ. ಅವಳು ಹೇಳಿದಳು. "ವರ್ಷ ವರ್ಷವೂ ಯಾರಾದರೂ ಹೋಗ್ತಾರಮ್ಮ. ಹೆಸರು ಯಾರು ನೆನಪಿಡುದು? ಸೀಸನ್ ಅಲ್ಲವಾ," ಎಂದು ಮತ್ತೊಂದು ಸೀಯಾಳ ಕೆತ್ತಿದ.

ಒಂದೇ ಕೋಣೆಯಲ್ಲಿ ಅಷ್ಟು ಕಾಲ ಇದ್ದೂ ಅವಳಿಗೊಬ್ಬ ತಮ್ಮನಿದ್ದನೆಂಬುದು ನನಗೆ ಗೊತ್ತಿರಲಿಲ್ಲ. ಮರಳಿನ ಮೇಲೆ ಕುಳಿತು ಅವಳು ಹೇಳಿದಳು. ಬೆಳ್ಳಾರೆಯ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದ ಕುಶಾಲ, ಕೆಲವು ವರ್ಷಗಳ ಹಿಂದಿನ ಒಂದು ಬೇಸಗೆಯಲ್ಲಿ ಹೆಗಲಿಗೆ ಚೀಲ ಹಾಕಿ, ಅಗ್ಗದಲ್ಲಿ ಊರು ಸುತ್ತಿ ಬರುತ್ತೇನೆಂದು ಹೊರಟವ. ಸ್ನೇಹಿತರು ಇಬ್ಬರೇ ಹಿಂದೆ ಬಂದರು. ಹೆಣ ಸಿಗಲಿಲ್ಲ. ಹೆಣ ಸಿಗದ ಸಾವನ್ನು ತಾಯಿ ಒಪ್ಪಲಿಲ್ಲ. ದರ್ಭೆಯ ಗೊಂಬೆ ಮಾಡಿ ಸುಟ್ಟು, ಉತ್ತರಕ್ರಿಯೆಯ ಬೊಜ್ಜ ಮಾಡಿ ಮುಗಿಸುವ ಎಂದು ದೊಡ್ಡಪ್ಪ ಹೇಳಿದಾಗ, "ಹುಲ್ಲಿನ ಗೊಂಬೆಯನ್ನು ಹೆತ್ತವಳಲ್ಲ ನಾನು," ಎಂದು ಆತನನ್ನು ಅಂಗಳದಿಂದಲೇ ಕಳುಹಿಸಿದರಂತೆ. ಮಗ ಬೊಂಬಾಯಿಗೆ ಹೋಗಿದ್ದಾನೆ, ಬರುತ್ತಾನೆ ಎಂಬುದು ಅವರ ವಾದ. ಅವನು ಬಾರದೆ ಮಗಳಿಗೆ ಧಾರೆಯೆರೆಯುವುದಿಲ್ಲವೆಂಬುದು ಹಠ. ನೋಡಲು ಬಂದ ಗಂಡಿನ ಕಡೆಯವರು ಕಾದು ಕಾದು ಬೇರೆ ಕಡೆಗೆ ಹೋದರು. ಸತ್ತವನ ಮನೆಯೂ ಅಲ್ಲದ, ಇರುವವನ ಮನೆಯೂ ಅಲ್ಲದ ಮನೆಯಲ್ಲಿ ದೀಪಾವಳಿಗೆ ದೀಪ ಹಚ್ಚಬೇಕೋ ಬಾರದೋ ಎಂದು ಪ್ರತಿವರ್ಷವೂ ಮಾತು ಬರುತ್ತಿತ್ತು.

"ನನಗೆ ಮದುವೆ ಬೇಡ," ಎಂದಳು ಪೂವಕ್ಕ. "ಬಾಗಿಲಲ್ಲಿ ನಾಯಿ ಬೊಗಳಿದರೆ ಅಮ್ಮ ಏಳ್ತಾರೆ. ಒಂದು ಸಲವಾದರೂ ಅವರು ಏಳದೆ ಕೂತದ್ದನ್ನು ನೋಡ್ಬೇಕು. ನಿಮ್ಮನ್ನು ಸುಮ್ಮನೆ ಎಳೆದುಕೊಂಡು ಬಂದೆ. ಹೇಳಿದ್ದರೆ ನೀವು ಹೆದರ್ತಿದ್ದಿರಿ."

ಮಾರನೆಯ ದಿನ ಬೆಳಿಗ್ಗೆ ವಿಷಯ ತಿಳಿದ ಹಸನಬ್ಬ ನಮ್ಮನ್ನು ಪೇಟೆಯಿಂದ ಉತ್ತರಕ್ಕೆ, ಗಾಳಿಮರಗಳ ಸಾಲಿನಾಚೆಗೆ ಕರೆದೊಯ್ದ. ಪ್ರವಾಸಿಗಳು ಬಾರದ ಜಾಗ. ಬಲೆ ಒಣಗಿಸುತ್ತಿದ್ದ ಮುದುಕ ಮೊಗವೀರನೊಬ್ಬ ಹಸನಬ್ಬನ ಮಾತು ಕೇಳಿ ಎದ್ದ. ಹುಲ್ಲು ಬೆಳೆದ ಹೊಯಿಗೆಯ, ಎಂದರೆ ಮರಳಿನ, ದಿಬ್ಬಗಳನ್ನು ತೋರಿಸಿದ. ತುಳುವಿನಲ್ಲಿ ಅವನು ಹೇಳಿದ್ದಿಷ್ಟು: ಕಡಲು ಯಾರನ್ನೂ ಇಟ್ಟುಕೊಳ್ಳುವುದಿಲ್ಲ, ಕೆಲವು ದಿನ ಕಳೆದು ಮರಳಿಸುತ್ತದೆ, ಆದರೆ ತೆಗೆದುಕೊಂಡಲ್ಲಿಯೇ ಮರಳಿಸುವುದಿಲ್ಲ. ಪೇಟೆಯ ಎದುರು ಹೋದವರು ಇಲ್ಲಿಗೆ ಬಂದು ಬೀಳುತ್ತಾರೆ. ಪೊಲೀಸರು ಬಂದು ನೋಡಿ ಹೋಗುತ್ತಾರೆ. ವಾರಸುದಾರರು ಯಾರೂ ಬಾರದಿದ್ದರೆ ಮೊಗವೀರರೇ ಮಣ್ಣು ಮಾಡುತ್ತಾರೆ.

ಪೂವಕ್ಕ ವರ್ಷ, ತಿಂಗಳು ಹೇಳಿದಳು. ಮುದುಕ ಬೆರಳುಗಳಲ್ಲಿ ಲೆಕ್ಕ ಹಾಕಿದ. "ಮಳೆ ಹಿಡಿಯುವ ಮೊದಲು ಬಂದವರುಂಟು," ಎಂದ. "ಗಂಡು ಹೌದು. ಮುಖ ಕೇಳಬೇಡ ಮಗಾ. ಮುಖ ಮೀನಿಗೆ."

"ಯಾವುದರಲ್ಲಿ?"

ಮುದುಕ ದಿಬ್ಬಗಳ ಕಡೆ ಕೈ ಎತ್ತಿದ, ಇಳಿಸಿದ. ಪ್ರತಿ ಮಳೆಗಾಲವೂ ಗಾಳಿ ಹೊಯಿಗೆಯನ್ನು ಸರಿಸುತ್ತದೆ, ಈಗ ಇದು ಅದೆಂದು ಹೇಳಲಾಗುವುದಿಲ್ಲ ಎಂದ.

ಹಸನಬ್ಬನಿಗೆ ತಡೆಯಲಾಗಲಿಲ್ಲ. "ಟೀಚರೇ, ಒಂದನ್ನು ಕಣ್ಣಲ್ಲಿ ಇಟ್ಟುಕೊಳ್ಳಿ. ಇದೇ ಅಂತ ತಾಯಿಗೆ ಹೇಳಿ ಬಿಡಿ. ಒಂದು ಹಿಡಿ ಹೊಯಿಗೆ ಕೊಂಡುಹೋಗಿ. ಆ ಜೀವಕ್ಕೂ ಸಮಾಧಾನ, ಈ ಜೀವಕ್ಕೂ ಸಮಾಧಾನ." ನಾನೂ ಹೌದೆಂದೆ. ಅಂಥ ಸುಳ್ಳನ್ನು ಯಾವ ಧರ್ಮಶಾಸ್ತ್ರವೂ ತಪ್ಪೆನ್ನಲಾರದೆಂದು ಒಂದು ಪುಟ್ಟ ಪ್ರವಚನವನ್ನೇ ಮಾಡಿದೆ. ಪೂವಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.

"ಅದು ಬೇರೆ ಯಾರದೋ ಮಗ ಆದರೆ?" ಎಂದಳು. "ಅವನ ತಾಯಿ ಹುಡುಕಿಕೊಂಡು ಬಂದರೆ?"



ಅವಳು ದಿಬ್ಬಗಳನ್ನು ಬಿಟ್ಟು ಕಡಲಿನ ಕಡೆಗೆ ನಡೆದಳು. ಹಿಂದಿನ ಸಂಜೆ ಪಾದವನ್ನೂ ನೆನೆಸದಿದ್ದವಳು ಸೀರೆಯನ್ನು ಎತ್ತಿಕೊಳ್ಳದೆಯೇ ನೀರಿಗೆ ಇಳಿದಳು. ಮೊಣಕಾಲು ಮುಳುಗಿತು. ಸೊಂಟ ಮುಳುಗಿತು. ಈಜು ಬಾರದ, ನೀರೆಂದರೆ ಬಾವಿಕಟ್ಟೆಯಷ್ಟೇ ಬಲ್ಲ ನಾನು ಕೂಗುತ್ತ ಓಡಿ ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದೆ. ಅಲೆಯೊಂದು ಬಂದು ಇಬ್ಬರನ್ನೂ ಎತ್ತಿ ಇಳಿಸಿತು. ಉಪ್ಪುನೀರು ಮೂಗಿಗೆ ಹೊಕ್ಕಿತು. ದಡದಿಂದ ಹಸನಬ್ಬ, "ಬೇಡ ಟೀಚರೇ, ಬೇಡ!" ಎಂದು ಬೊಬ್ಬೆ ಹಾಕುತ್ತಿದ್ದ.

"ಬಿಡಬೇಡಿ, ಹಾಗೆಯೇ ಹಿಡಿದುಕೊಳ್ಳಿ," ಎಂದಳು ಪೂವಕ್ಕ, ಏನೂ ಆಗದ ಸ್ವರದಲ್ಲಿ. "ಸಾಯುದಿಲ್ಲ ನಾನು. ಕಾಲಡಿಯ ಹೊಯಿಗೆ ಹೇಗೆ ಜಾರ್ತದೆ ಅಂತ ನೋಡ್ತಾ ಇದ್ದೇನೆ. ಅವನಿಗೆ ಹೇಗಾದದ್ದು ಅಂತ ಗೊತ್ತಾಗ್ಬೇಕಲ್ಲ."

ಎಷ್ಟೋ ಅಲೆಗಳು ಬಂದು ಹೋದವು. ನಾನು ಸೆರಗು ಬಿಡಲಿಲ್ಲ. ಆಮೇಲೆ ಅವಳೇ ನನ್ನ ಕೈಹಿಡಿದು ದಡಕ್ಕೆ ತಂದಳು. ಪೇಟೆಯ ಕಡೆಯಿಂದ ಸ್ನಾನಕ್ಕಿಳಿದವರ ಕೇಕೆ ಗಾಳಿಯಲ್ಲಿ ಕೇಳಿಬರುತ್ತಿತ್ತು. ಬೀಪಾತಿಮ ನಮ್ಮ ಒದ್ದೆ ಸೀರೆಗಳನ್ನು ನೋಡಿ, ತನ್ನ ಸೀರೆಗಳನ್ನು ಕೊಟ್ಟು, ಆ ದಿನವೇ ಬಸ್ಸು ಹತ್ತಿಸಿದಳು. ಊರು ಸುತ್ತುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ.

ಕಡಬಕ್ಕೆ ಹೋಗದೆ ಪೂವಕ್ಕನ ಜೊತೆ ಬೆಳ್ಳಾರೆಗೇ ಹೋದೆ. ಅವಳನ್ನು ಒಂಟಿಯಾಗಿ ಕಳುಹಿಸುವ ಧೈರ್ಯ ನನಗಾಗಲಿಲ್ಲ. ಅವರ ಮನೆಯಂಗಳ ಮುಟ್ಟಿದಾಗ ಬೈಗಿನ ಬೆಳಕು ಇನ್ನೂ ಇತ್ತು. ನಾಯಿ ಬೊಗಳಿತು, ಒಳಗಿನಿಂದ ಸಣಕಲು ದೇಹದ ಹೆಂಗಸೊಬ್ಬರು ಬಿರುಸಾಗಿ ಎದ್ದು ಬಂದು, ಮೊದಲು ನಮ್ಮಿಬ್ಬರನ್ನೂ ದಾಟಿ ಹಿಂದೆ ದಾರಿಯನ್ನು ನೋಡಿದರು. ಆ ಮೇಲೆ ಮಗಳನ್ನು ನೋಡಿದರು.

ಜಗಲಿಯಲ್ಲಿ ಕುಳಿತು ಪೂವಕ್ಕ ಎಲ್ಲವನ್ನೂ ಅರೆಭಾಷೆಯಲ್ಲಿ ಹೇಳಿದಳು. ಅದನ್ನು ಕೇಳಿ ತಿಳಿಯುವಷ್ಟು ನಾನು ಕಲಿತಿದ್ದೆ. ಅವಳು ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ. ದಿಬ್ಬಗಳಿವೆ, ಯಾವುದೆಂದು ಗೊತ್ತಿಲ್ಲ ಎಂದಳು. ಮುಖದ ಮಾತನ್ನೂ ಹೇಳಿದಳು. ನಾನು ನೆಲ ನೋಡುತ್ತಿದ್ದೆ. ತಾಯಿ ಬೊಂಬಾಯಿಯ ಮಾತೆತ್ತಿ ಕೂಗಾಡುತ್ತಾರೆ, ನಮ್ಮನ್ನೂ ಅಂಗಳದಿಂದಲೇ ಹಿಂದೆ ಕಳುಹಿಸುತ್ತಾರೆ ಎಂದುಕೊಂಡಿದ್ದೆ. ಕೊನೆಗೆ ಪೂವಕ್ಕ, "ಅವ ಇಳಿದ ಹಾಗೆಯೇ ನಾನೂ ಇಳಿದು ನಿಂತೆ, ಅಮ್ಮ," ಎಂದಳು.

ತಾಯಿ ತಲೆಯೆತ್ತಿದರು.

"ನೀರು ಚಳಿ ಇತ್ತಾ?"

"ಇಲ್ಲಮ್ಮ. ಬೆಚ್ಚಗೆ ಇತ್ತು."

ಅವರು ಎದ್ದು ಬಚ್ಚಲಿಗೆ ಹೋದರು. ಸ್ನಾನದ ಹಂಡೆಯಿಂದ ಒಂದು ಅಗಲ ಪಾತ್ರೆಯಲ್ಲಿ ಬಿಸಿನೀರು ಮೊಗೆದು ತಂದು ಮಗಳ ಮುಂದಿಟ್ಟರು.

"ಇಷ್ಟು?"

ಪೂವಕ್ಕ ಬೆರಳು ಅದ್ದಿ, "ಇಷ್ಟಿಲ್ಲ," ಎಂದಳು. ಕೊಡದಿಂದ ಸ್ವಲ್ಪ ತಣ್ಣೀರು ಬೆರೆಸಿದಳು. ಮತ್ತೆ ಅದ್ದಿದಳು. ಇನ್ನೂ ಸ್ವಲ್ಪ ಬೆರೆಸಿದಳು.

"ಇಷ್ಟು."

ತಾಯಿ ಪಾತ್ರೆಯ ಮುಂದೆ ಕುಳಿತು ಎರಡೂ ಕೈಗಳನ್ನು ಮೊಣಕೈಯವರೆಗೆ ಅದರಲ್ಲಿ ಇಳಿಸಿ ಕಣ್ಣು ಮುಚ್ಚಿದರು. ದಾರಿಯಲ್ಲಿ ಯಾರೋ ಹಾದುಹೋದರು, ನಾಯಿ ಬೊಗಳಿತು, ಅವರು ಏಳಲಿಲ್ಲ. ಪೂವಕ್ಕ ನನ್ನ ಕಡೆ ನೋಡಿ, ತಕ್ಷಣ ಮುಖ ತಿರುಗಿಸಿದಳು. ಆ ನೀರು ಪೂರ್ತಿ ತಣಿಯುವವರೆಗೂ ತಾಯಿ ಕೈ ತೆಗೆಯಲಿಲ್ಲ. ಆ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, ದೊಡ್ಡಪ್ಪನಿಗೆ ಹೇಳಿ ಕಳುಹಿಸು, ಬೊಜ್ಜಕ್ಕೆ ದಿನ ನೋಡಲಿ ಎಂದರು.