ದೊಡ್ಡಪ್ಪನ ದೋಣಿಗೊಂದು ದೇಶ

ವಿಹಾರನೌಕೆಗಳನ್ನು ನೋಂದಾಯಿಸಿಕೊಡುವ ಏಜೆಂಟರ ಕಚೇರಿಯಲ್ಲಿ ನಾನು ಗುಮಾಸ್ತ. ನೌಕೆ ವರ್ಷವಿಡೀ ನಮ್ಮ ಬಂದರಿನಲ್ಲೇ ಬಿದ್ದಿದ್ದರೂ ಅದನ್ನು ಯಾವ ದೇಶದಲ್ಲಾದರೂ ನೋಂದಾಯಿಸಿ ಆ ದೇಶದ ಬಾವುಟ ಹಾರಿಸಬಹುದು. ತೆರಿಗೆ ಕಂಡರೆ ಆಗದವರಿಗೆ ಒಂದು ದ್ವೀಪ, ಒಡೆಯರ ಹೆಸರು ಹೊರಬೀಳಬಾರದು ಎನ್ನುವವರಿಗೆ ಇನ್ನೊಂದು, ತಪಾಸಣೆ ಎಂದರೆ ಬೆವರುವವರಿಗೆ ಮತ್ತೊಂದು. ಬಸ್ ಪಾಸನ್ನೇ ಸಮಯಕ್ಕೆ ಸರಿಯಾಗಿ ಮಾಡಿಸಿಕೊಳ್ಳದ ನಾನು, ಆ ಕುರ್ಚಿಯಲ್ಲಿ ಕುಳಿತೊಡನೆ ದೇಶಗಳನ್ನು ಬದನೆಕಾಯಿಯಂತೆ ಹಿಸುಕಿ ನೋಡಿ ಆರಿಸಿಕೊಡುತ್ತೇನೆ. ನೌಕೆಯನ್ನಂತೂ ಒಮ್ಮೆಯೂ ಹತ್ತಿದವನಲ್ಲ.

ದೊಡ್ಡಪ್ಪನದು ಬಂದರಿನ ಗೇಟಿನೆದುರು ಕ್ಷೌರದಂಗಡಿ. ಎರಡು ಕುರ್ಚಿ, ಒಂದು ಹಿಂದಕ್ಕೆ ವಾಲುವುದಿಲ್ಲ, ಇನ್ನೊಂದು ವಾಲಿದರೆ ಏಳುವುದಿಲ್ಲ. ನೌಕೆಗಳ ಒಡೆಯರೆಲ್ಲ ಗಡ್ಡ ಒಡ್ಡುವುದು ಅಲ್ಲೇ. ನೊರೆಯೊಳಗಿಂದ ಅವರಾಡುವ ಸಮುದ್ರದ ಮಾತು ಕೇಳಿ ಕೇಳಿ ತಲೆ ಕೆಟ್ಟು, ದೊಡ್ಡಪ್ಪ ಒಂದು ಹಳೆಯ ಹಾಯಿದೋಣಿ ಕೊಂಡರು. ಮೂವರು ಕುಳಿತರೆ ಮೂರನೆಯವನು ಕ್ಷಮೆ ಕೇಳಬೇಕು, ಅಷ್ಟು ದೊಡ್ಡದು. ದೊಡ್ಡಮ್ಮನನ್ನು ಒಂದು ಭಾನುವಾರ ಸಮುದ್ರದ ಮೇಲೆ ಕರೆದೊಯ್ಯಬೇಕೆಂಬುದು ಅವರ ಆಸೆ. ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುವ ದರ್ಜಿ ಆಕೆ. ಸಮುದ್ರವನ್ನು ಹೊಲಿಗೆ ಯಂತ್ರದ ಪಕ್ಕದ ಕಿಟಕಿಯಿಂದಷ್ಟೇ ನೋಡಿದವರು. ದೋಣಿಯ ಹರಿದ ಹಾಯಿಗೆ ತೇಪೆ ಹಾಕಿದವರೂ ಅವರೇ. ಆ ವಾರವಿಡೀ ಅವರಿಬ್ಬರೂ ಅವರ ಮನೆಯಲ್ಲೇ ಇರುವ ನಾನೂ ಮುಂದಿನ ಕೋಣೆಯಲ್ಲಿ ಹಾಯಿಯ ಅಡಿ ತೂರಿಕೊಂಡು ಊಟ ಮಾಡಿದೆವು.

ದೊಡ್ಡಪ್ಪ ನನ್ನ ಮೇಜಿನೆದುರು ಬಂದು ಕುಳಿತರು. "ನಂಗೊಂದು ಒಳ್ಳೆ ದೇಶ ಕೊಡಪ್ಪ."

"ಯಾತಕ್ಕೆ? ತೆರಿಗೆ ಉಳಿಸಬೇಕಾ?"

"ಕಟ್ಟೋಷ್ಟು ಇದ್ರೆ ತಾನೇ ಉಳಿಸೋದು."

"ಸಿಬ್ಬಂದಿ ಎಷ್ಟು ಜನ?"

"ನೀನು."

"ದೋಣಿ ಯಾರದು ಅಂತ ಗುಟ್ಟಾಗಿರಬೇಕಾ?"

"ಗುಟ್ಟಾಗಿಡೋಕೆ ಯಾರಾದ್ರೂ ದೋಣಿ ತಗೋತಾರೇನೋ? ಬೀದಿಗೆಲ್ಲ ಹೇಳಿ ಆಯ್ತು."

"ಹಾಗಾದ್ರೆ ಇಲ್ಲೇ ಮಾಡಿಸಿ ದೊಡ್ಡಪ್ಪ, ಸುಮ್ನೆ."

ಇಲ್ಲಿ ಆಗಲಿಲ್ಲ. ದೋಣಿಗೆ ಅವರು ದೊಡ್ಡಮ್ಮನ ಹೆಸರಿಟ್ಟಿದ್ದರು. ಒಂದು ದೇಶದ ಪಟ್ಟಿಯಲ್ಲಿ ಒಂದು ಹೆಸರು ಒಂದೇ ನೌಕೆಗೆ. ಇಲ್ಲಿ ಅದೇ ಹೆಸರನ್ನು ಟೈಲ್ಸ್ ವ್ಯಾಪಾರಿಯೊಬ್ಬ ತನ್ನ ಮೂರಂತಸ್ತಿನ ನೌಕೆಗೆ ಮೊದಲೇ ಇಟ್ಟುಬಿಟ್ಟಿದ್ದ.

"ಅವನ ಹೆಂಡತಿ ಹೆಸರು ಅದಲ್ಲ," ಎಂದರು ಅವನ ಗಡ್ಡ ಬೋಳಿಸುವ ದೊಡ್ಡಪ್ಪ. "ಯಾರದು ಅಂತ ಮಾತ್ರ ಕೇಳಬೇಡ. ನಾನಂತೂ ಹೆಸರು ಬಿಡಲ್ಲ."

ದ್ವೀಪಗಳಲ್ಲೆಲ್ಲ ಹುಡುಕಿದೆ. ಎಲ್ಲೆಲ್ಲೂ ಯಾರದೋ ನೌಕೆ ದೊಡ್ಡಮ್ಮನ ಹೆಸರು ಹೊತ್ತು ತೇಲುತ್ತಿತ್ತು. ಕೊನೆಗೆ ಸಿಕ್ಕಿದ್ದು ಸುತ್ತಲೂ ಬೆಟ್ಟಗಳಿರುವ, ಸಮುದ್ರವೇ ಇಲ್ಲದ ಒಂದು ದೇಶ. ನೋಂದಣಿಯಾಗುವ ಊರಿನ ಹೆಸರನ್ನು ದೋಣಿಯ ಹಿಂಬದಿಗೆ ಬರೆಸಬೇಕೆಂಬುದು ನಿಯಮ. ಕಾಗದ ಬರುವ ಮೊದಲೇ ದೊಡ್ಡಪ್ಪ ಬಂಗಾರದ ಬಣ್ಣದಲ್ಲಿ ಬರೆಸಿಬಿಟ್ಟರು.

ದೋಣಿ ತೋರಿಸಲು ದೊಡ್ಡಮ್ಮನನ್ನು ಕರೆತಂದೆವು. ಅವರು ಹಿಂಬದಿಯ ಬರಹವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಇದ್ಯಾವ ಊರೋ?"

"ದೋಣಿ ಅಲ್ಲಿಗೆ ಸೇರಿದ್ದು ಅಂತ ಲೆಕ್ಕ, ದೊಡ್ಡಮ್ಮ."

"ಅಲ್ಲಿ ಸಮುದ್ರ ಚೆನ್ನಾಗಿದ್ಯಾ?"

"ಸಮುದ್ರ ಇಲ್ಲ. ಬೆಟ್ಟ ಇದೆ. ಹಸುಗಳಿವೆ."

"ನಾವು ಮುಳುಗಿದ್ರೆ ಎತ್ತೋಕೆ ಯಾರು ಬರ್ತಾರೆ, ಹಸುನಾ?" ದೊಡ್ಡಪ್ಪನತ್ತ ತಿರುಗಿದರು. "ನಾನು ಹುಟ್ಟಿದ್ದು ಈ ದಡದಲ್ಲಿ. ಬೆನ್ನಿಗೆ ಬೇರೆ ಊರು ಬರ್ಕೊಂಡು ನಾನು ಎಲ್ಲಿಗೂ ಬರಲ್ಲ ರೀ." ಹೇಳಿದವರೇ ಮನೆಗೆ ನಡೆದರು.

ಆ ವಾರ ದೊಡ್ಡಪ್ಪನ ಕತ್ತಿ ಟೈಲ್ಸ್ ವ್ಯಾಪಾರಿಯ ಕಿವಿ ಸವರಿತು. ದ್ವೇಷವಲ್ಲ, ಮನಸ್ಸು ಅಲ್ಲಿರಲಿಲ್ಲ. "ಮಾರಿಬಿಡ್ತೀನಿ ಕಣೋ," ಎಂದರು. "ಅವಳು ಹತ್ತದ ದೋಣಿಲಿ ನಾನೊಬ್ಬನೇ ಕೂತು ಯಾರ ಗಡ್ಡ ಕೆರೀಲಿ?"

ನೌಕಾ ಸಲಹೆಗಾರನಲ್ಲವೇ, ಸಂಧಾನಕ್ಕೆ ಹೊರಟೆ. ದೊಡ್ಡಮ್ಮ ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದರು. ಹೆಸರಿನ ತೊಡಕನ್ನೆಲ್ಲ ಬಿಡಿಸಿ ಹೇಳಿ, "ನಿಮ್ಮ ಮೇಲಿನ ಪ್ರೀತಿಗೆ ಹಾಗೆ ಮಾಡಿದ್ದು ದೊಡ್ಡಮ್ಮ," ಎಂದೆ.

"ಪ್ರೀತಿನಾ? ಮದುವೆ ಆದಾಗಿಂದ ಒಂದು ದಿನ ಆ ಹೆಸರು ಹಿಡಿದು ಕರೆದಿದ್ದಾರಾ ಕೇಳು. ಯಾರಾದ್ರೂ ಆ ಹೆಸರು ಕೂಗಿದ್ರೆ ಆಸ್ಪತ್ರೆಲಿ ಡಾಕ್ಟ್ರು ಕರೀತಿದಾರೆ ಅಂತ ನಂಗೆ ಎದೆ ಹೊಡ್ಕೊಳುತ್ತೆ." ದಾರ ಕಡಿದರು. "ಆ ಹೆಸರು ಟೈಲ್ಸ್‌ನೋನಿಗೇ ಇರಲಿ. ಮನೇಲಿ ಏನಂತ ಕರೀತಾರೋ ಅದನ್ನೇ ಬರೆಸಿ, ಊರು ಮಾತ್ರ ನಮ್ಮದೇ ಇರಲಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದೊಡ್ಡಪ್ಪನ ಕಿವಿ ಕೆಂಪಾಯಿತು. "ದೋಣಿ ಮೇಲೆ 'ಇವಳೇ' ಅಂತ ಬರೆಸೋದಾ? ಜನ ಓದ್ತಾರೆ ಕಣೇ."

"ಬೀದಿ ಕೊನೇವರೆಗೂ ದಿನಾ ಕೇಳಿಸ್ಕೊಂಡಿದಾರೆ. ಓದೋದೊಂದು ಬಾಕಿ."

ನಮ್ಮ ಪಟ್ಟಿಯಲ್ಲಿ ಆ ಹೆಸರಿನ ನೌಕೆ ಇರಲಿಲ್ಲ. ಹಳೆಯ ಹೆಸರನ್ನೂ ಬೆಟ್ಟದೂರನ್ನೂ ಕೆರೆದು ತೆಗೆಸಿ, 'ಇವಳೇ' ಎಂದು ಬರೆಸಿ ಕೆಳಗೆ ನಮ್ಮೂರನ್ನು ಬರೆಸಿದೆವು. ಕಾಗದ ಬಂದ ಭಾನುವಾರ ದೊಡ್ಡಮ್ಮ ಹಿಂಬದಿಯನ್ನು ಇನ್ನೊಮ್ಮೆ ಓದಿ, ಸೆರಗು ಬಿಗಿದು, ದೊಡ್ಡಪ್ಪನ ಭುಜವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದರು.

ಗಾಳಿ ಹಿಡಿದು ತೇಪೆಯ ಹಾಯಿ ಉಬ್ಬಿತು. ಬಂದರಿನ ತಡೆಗೋಡೆ ದಾಟುವ ಮೊದಲೇ ಸಿಬ್ಬಂದಿವರ್ಗವಾದ ನಾನು ಅಂಚಿನಾಚೆ ತಲೆ ಚಾಚಿ ವಾಂತಿ ಮಾಡತೊಡಗಿದೆ. ದೊಡ್ಡಪ್ಪ ಗಾಬರಿಯಾಗಿ ದೋಣಿ ತಿರುಗಿಸಲು ಹೋದರು.

ದೊಡ್ಡಮ್ಮ ನೀರಿನಿಂದ ಕಣ್ಣು ಕೀಳದೆ ಒಂದು ಕೈಯಲ್ಲಿ ನನ್ನ ಬೆನ್ನು ನೀವಿದರು. "ಇನ್ನೂ ಸ್ವಲ್ಪ ಮುಂದಕ್ಕೆ ಹೋಗೋಣ ರೀ. ಇವನಿಗೆ ಏನೂ ಆಗಲ್ಲ."