ಬೂದು ಹಂಸಕ್ಕೆ ಬಿದ್ದ ಗುಂಡು

ಈ ಸಲದ ದೀಪಾವಳಿಗೆ ಇಂಗ್ಲೆಂಡಿನ ನಮ್ಮ ಕನ್ನಡ ಸಂಘದವರು ಬಾಡಿಗೆ ಸಭಾಂಗಣದ ಕಾರ್ ಪಾರ್ಕಿನಲ್ಲಿ ಪಟಾಕಿ ಹೊಡೆದರು. ಮಳೆ ನಿಂತ ಸಂಜೆ. ಹೊಗೆ ಮೇಲೇಳದೆ ನೆಲದ ಮೇಲೇ ಮಲಗಿತ್ತು. ಸುಟ್ಟ ಮದ್ದಿನ ವಾಸನೆ, ಅದರ ಜೊತೆಗೆ ಒದ್ದೆ ಹುಲ್ಲಿನದು... ಪುಳಿಯೋಗರೆ ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ಯಾರೋ ಡಾಕ್ಟರು ಏನೋ ಕೇಳುತ್ತಿದ್ದರು, ಕಿವಿಗೆ ಬೀಳಲಿಲ್ಲ. ಆ ವಾಸನೆಗೆ ನಾನು ಮತ್ತೆ ಕೊವೆಂಟ್ರಿಯ ಆಚೆ ಗೋಧಿ ಕೊಯ್ದ ಹೊಲದಲ್ಲಿ, ಕೂಳೆಯ ಮೇಲೆ ಗೋಣಿ ಹಾಸಿಕೊಂಡು ಮಲಗಿದ್ದೆ. ಪಕ್ಕದಲ್ಲಿ ಅವರಿದ್ದರು.

ಅವರು ನಮ್ಮ ಪಕ್ಕದ ಮನೆಯ ಇಂಗ್ಲಿಷಿನವರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು. ಈ ದೇಶಕ್ಕೆ ಬಂದದ್ದು ನರ್ಸ್ ಆಗಿರುವ ಹೆಂಡತಿಯ ವೀಸಾದ ಹಿಂದೆ. ಸಂಘದ ಊಟದಲ್ಲಿ "ನೀವು ಯಾವ ಹಾಸ್ಪಿಟಲ್?" ಎಂದು ಕೇಳಿದವರು ನನ್ನ ಉತ್ತರ ಕೇಳಿದ ಮೇಲೆ ಪಲ್ಯದ ಕಡೆ ತಿರುಗುತ್ತಿದ್ದರು. ಇವರು ಹಾಗಲ್ಲ. ಅವರ ಟ್ರೇಲರಿನ ಕೊಂಡಿ ಮುರಿದಾಗ ನಾನು ಬೆಸೆದುಕೊಟ್ಟೆ. ಬೆಸುಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿ, "ಇದು ನನಗಿಂತ ಹೆಚ್ಚು ದಿನ ಬಾಳುತ್ತೆ, ಮೇಟ್," ಎಂದರು. ಈ ದೇಶದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು.

ಲಂಡನ್ನಿನಲ್ಲಿ ಒಲಿಂಪಿಕ್ಸ್ ಆದ ವರ್ಷ ನನ್ನನ್ನು ಮೊದಲ ಸಲ ಹೆಬ್ಬಾತು ಬೇಟೆಗೆ ಕರೆದುಕೊಂಡು ಹೋದರು. ಸೆಪ್ಟೆಂಬರ್ ಬಂತೆಂದರೆ ಇಲ್ಲಿ ಅದಕ್ಕೆ ಅನುಮತಿ. ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ತಿನ್ನಲು ಹೆಬ್ಬಾತುಗಳು ಕೊಳಗಳಿಂದ ಹಿಂಡು ಹಿಂಡಾಗಿ ಏಳುತ್ತವೆ. ಪ್ಲಾಸ್ಟಿಕ್ಕಿನ ಹೆಬ್ಬಾತುಗಳನ್ನು ಗಾಳಿಗೆ ಮುಖ ಮಾಡಿ ಕುದುರೆ ಲಾಳದ ಹಾಗೆ ನೆಡಬೇಕು, ನಡುವೆ ನಿಜವಾದವು ಇಳಿಯಲು ಜಾಗ ಬಿಡಬೇಕು. ಎಲ್ಲ ಅವರೇ ಕಲಿಸಿದ್ದು. "ಹೆಬ್ಬಾತು ಬಾಯಿ ಮುಚ್ಚಿಕೊಂಡು ಹಾರಲ್ಲ, ನಮ್ಮತ್ತೆ ಇದ್ದ ಹಾಗೆ. ಮೊದಲು ಕಿವಿಯಿಂದ ನೋಡು, ಆಮೇಲೆ ಕಣ್ಣಿಂದ," ಅನ್ನುತ್ತಿದ್ದರು. ನನ್ನ ಕೋವಿ ಲೈಸೆನ್ಸಿಗೆ, ಇವನ ನಡತೆ ಒಳ್ಳೆಯದು ಎಂದು ಪೊಲೀಸರಿಗೆ ಬರೆದುಕೊಟ್ಟವರೂ ಅವರೇ.

ಹೊಡೆದ ಹಕ್ಕಿಯ ಎದೆಮಾಂಸವನ್ನು ಮಾತ್ರ ಅವರು ಬಿಡಿಸಿಕೊಳ್ಳುವರು. ಕಾಲು, ಕತ್ತು, ಲಿವರ್ ಎಲ್ಲ ನನ್ನ ಪಾಲು. ನನ್ನ ಹೆಂಡತಿ ಸಾರು ಮಾಡಿ ಮುದ್ದೆ ಕಟ್ಟುತ್ತಿದ್ದಳು. ಒಂದು ಸಲ ಅವರನ್ನೂ ಊಟಕ್ಕೆ ಕೂರಿಸಿದೆವು. ಎರಡು ತುತ್ತಿಗೇ ಮುಖವೆಲ್ಲ ಕೆಂಪು. ಬೆವರು ಒರೆಸಿಕೊಂಡು ನನ್ನವಳನ್ನು ಕೇಳಿದರು: "ಆ ಪಾಪದ ಬಾತು ನಿನಗೇನು ಅನ್ಯಾಯ ಮಾಡಿತ್ತಮ್ಮ?" ಅವಳು ನಕ್ಕು ನಕ್ಕು ಅಡುಗೆಮನೆಗೆ ಓಡಿದಳು. ಅಂದಿನಿಂದ ಅವಳ ಬಾಯಲ್ಲಿ ಅವರು "ನಿಮ್ಮ ಬಾತು ತಾತ".

ಕೆಲವು ವರ್ಷ ಕಳೆದ ಮೇಲೆ ಅವರ ಕಣ್ಣು ಮಂಜಾಯಿತು. ಫ್ಲಾಸ್ಕಿನ ಟೀ ಕಪ್ಪಿನ ಹೊರಗೆ ಬೀಳತೊಡಗಿತು. ಜಿಪಿ ಡಾಕ್ಟರಿಗೆ ತೋರಿಸಿ ಎಂದರೆ ಸಿಡುಕುವರು. "ತೋರಿಸಿದರೆ ಕೋವಿ ಕಿತ್ಕೋತಾರೆ. ಆಮೇಲೆ ಟಿವಿ ಮುಂದೆ ಕೂತ್ಕೊಂಡು ಸಾಯ್ಲಾ?" ಶನಿವಾರದ ಆ ಹೊಲ ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ, ಅದು ನನಗೆ ಗೊತ್ತಿತ್ತು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ.

ಹೊಲದ ಮಾಲೀಕನದು ಒಂದೇ ಕಟ್ಟಪ್ಪಣೆ. ಹೊಲದಂಚಿನ ಕೊಳದ ಹಂಸಗಳ ತಂಟೆಗೆ ಹೋಗಕೂಡದು. ಹಂಸ ಹೊಡೆಯುವುದು ಈ ದೇಶದಲ್ಲಿ ಅಪರಾಧ, ಅದು ಬೇರೆ ಮಾತು. ಅವನ ಹೆಂಡತಿ ಆ ಜೋಡಿಗೆ ದಿನಾ ಕಾಳು ಹಾಕುತ್ತಿದ್ದಳು. ಆ ವರ್ಷ ಅವುಗಳಿಗೆ ಉಳಿದಿದ್ದದ್ದು ಒಂದೇ ಮರಿ. ಗಾತ್ರ ಹೆಬ್ಬಾತಿನಷ್ಟು, ಮೈಯೆಲ್ಲ ಬೂದು. ಹಂಸದ ಮರಿ ಬೆಳ್ಳಗಾಗಲು ವರ್ಷ ಬೇಕು.

ಸೆಪ್ಟೆಂಬರಿನ ಕೊನೆ. ಬೆಳಕು ಹರಿದಿತ್ತು, ಕೊಳದ ಮೇಲೆ ಮಾತ್ರ ಮಂಜು ಕೂತಿತ್ತು. ನಾವಿಬ್ಬರೂ ಬೇಲಿಗಿಡಗಳ ಮರೆಯಲ್ಲಿದ್ದೆವು. ಕೂಗಿಲ್ಲ ಏನಿಲ್ಲ, ಬರೀ ರೆಕ್ಕೆಯ ಗುಂಯ್ ಸದ್ದು. ಮಂಜಿನೊಳಗಿಂದ ಬೂದು ಆಕಾರವೊಂದು ತಗ್ಗಿನಲ್ಲೇ ಹಾರಿ ಬಂತು. "ಬೇಡ! ಹಂಸ ಅದು!" ಎಂದು ಕೂಗಿ ನಾನು ಅವರ ತೋಳಿಗೆ ಕೈ ಹಾಕುವಷ್ಟರಲ್ಲಿ ಅವರು ಹೊಡೆದಾಗಿತ್ತು. ಮರಿ ನೀರಿನಂಚಿಗೆ ಬಿತ್ತು. ದೊಡ್ಡ ಹಂಸ ಕತ್ತು ಚಾಚಿಕೊಂಡು ಅದರ ಸುತ್ತ ಸುತ್ತುತ್ತಾ... ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಹತ್ತಿರದಲ್ಲೇ ದನ ನೋಡಿಕೊಳ್ಳುತ್ತಿದ್ದ ಮಾಲೀಕ ನಾಲ್ಕು ಗಾಲಿಯ ಬೈಕಿನಲ್ಲಿ ಬಂದ. ಮರಿಯನ್ನು ನೋಡಿದ.

"ಯಾರು?" ಎಂದ.

ಹಿರಿಯರಿದ್ದಾರೆ, ಅವರೇ ಹೇಳಲಿ ಎಂದು ಅವರ ಮುಖ ನೋಡಿದೆ. ಅವರು ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು.

"ಅವನಿನ್ನೂ ಕಲೀತಿದ್ದಾನೆ," ಎಂದರು.

ಅಷ್ಟೇ. ಸುಳ್ಳು ಎಂದು ಕೈಯಲ್ಲಿ ಹಿಡಿಯಲೂ ಆಗದ ಮಾತು. ನಾನು ಬಾಯಿ ಮುಚ್ಚಿಕೊಂಡಿರುವ ಆಸಾಮಿಯಲ್ಲ. ನನ್ನ ಕೋವಿಯ ನಳಿಗೆ ಮಡಚಿ ಮಾಲೀಕನ ಮುಂದೆ ಹಿಡಿದೆ. ತೋಟಾ ಎರಡೂ ಹಾಕಿದ ಹಾಗೇ ಇದ್ದವು. "ನೋಡಿ, ನಾನು ಹೊಡೆದಿಲ್ಲ. ಬೇಕಾದರೆ ನಳಿಗೆ ಮೂಸಿ ನೋಡಿ." ಅವನು ಬಗ್ಗಿಯೂ ನೋಡಲಿಲ್ಲ. "ಇವರು ನಮ್ಮಪ್ಪನ ಕಾಲದಿಂದ ಇಲ್ಲಿಗೆ ಬರ್ತಿದ್ದಾರೆ. ಇವರ ಮುಖ ನೋಡಿ ಪೊಲೀಸರಿಗೆ ಹೇಳಲ್ಲ. ನೀನು ಮಾತ್ರ ಇನ್ನು ಈ ಗೇಟು ದಾಟಬೇಡ," ಎಂದ. ಅವರು ನೆಲ ನೋಡುತ್ತಿದ್ದರು.

ವ್ಯಾನಿನಲ್ಲಿ ವಾಪಸು ಬರುವಾಗ ಕೇಳಿದೆ, "ಯಾಕೆ ಹಾಗಂದಿರಿ?"

"ನಿನಗೆ ಇನ್ನೊಂದು ಹೊಲ ಸಿಗುತ್ತೆ, ಮೇಟ್. ಈ ವಯಸ್ಸಲ್ಲಿ ನನಗೆ ಯಾರು ಕೊಡ್ತಾರೆ?"

"ಹೊಲ ಯಾರಿಗೆ ಬೇಕು? ನನ್ನ ಹೆಸರು ಹೋಯ್ತಲ್ಲ."

ಅವರು ರೇಡಿಯೊ ಹಾಕಿದರು.

ಮುಂದಿನ ಶನಿವಾರ ಅವರು ಒಬ್ಬರೇ ಹೋದರು. ಸಂಜೆ ನೋಡಿದರೆ ನಮ್ಮ ಮುಂಬಾಗಿಲ ಹಿಡಿಗೆ ಎರಡು ಹೆಬ್ಬಾತು ನೇತುಹಾಕಿದ್ದರು. ಎದೆಮಾಂಸ ಸಮೇತ, ಇಡಿಯಾಗಿ. ಅಷ್ಟು ವರ್ಷದಲ್ಲಿ ಒಮ್ಮೆಯೂ ಇಡೀ ಹಕ್ಕಿ ಕೊಟ್ಟವರಲ್ಲ. ತೆಗೆದುಕೊಂಡು ಹೋಗಿ ಅವರ ಗೇಟಿಗೇ ನೇತುಹಾಕಿ ಬಂದೆ. "ಪಾಪ, ವಯಸ್ಸಾದವರು. ನೀವೇ ಒಂದು ಮಾತಾಡಿದ್ರೆ ಸವೆದು ಹೋಗ್ತೀರಾ?" ಎಂದಳು ಹೆಂಡತಿ. "ಆಡಬೇಕಾದ ಮಾತು ಅವರ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ," ಎಂದೆ. ಕೋವಿ ಮಾರಿದೆ. ಲೈಸೆನ್ಸಿನ ಅವಧಿ ತೀರಿದಾಗ ಮತ್ತೆ ಅರ್ಜಿ ಹಾಕಲಿಲ್ಲ.

ಆಮೇಲೆ ನಾಲ್ಕೈದು ವರ್ಷ ವಾರಕ್ಕೊಮ್ಮೆ ಕಸದ ಡಬ್ಬಿ ಹೊರಗಿಡುವಾಗ ಎದುರಾಗುತ್ತಿದ್ದೆವು. ಅವರು ತಲೆಯಾಡಿಸುವರು, ನಾನು ಡಬ್ಬಿಯ ಚಕ್ರ ನೋಡುವೆ. ಕೊನೆಗೆ ಅವರಿಗೆ ಕಣ್ಣಿನ ಆಪರೇಶನ್ ಆಯಿತು. ಆಸ್ಪತ್ರೆಯಲ್ಲಿ ಸಿಕ್ಕ ನನ್ನ ಹೆಂಡತಿಯನ್ನು "ನಿನ್ನ ಗಂಡ ಹೇಗಿದ್ದಾನೆ?" ಎಂದು ವಿಚಾರಿಸಿದರಂತೆ. ಇನ್ನೇನೋ ಹೇಳಲು ಬಾಯಿ ತೆರೆದು, ಟೋಪಿ ಹಾಕಿಕೊಂಡು ಹೊರಟರಂತೆ... ಅವಳು ಅದನ್ನು ನನಗೆ ಎರಡೆರಡು ಸಲ ಹೇಳಿದಳು. ಬರಲಿ, ಬಾಗಿಲಿಗೆ ಬಂದು ಹೇಳಲಿ ಎಂದು ನಾನು ಕಾದೆ. ಬರಲಿಲ್ಲ. ಆ ಚಳಿಗಾಲದಲ್ಲಿ ತೀರಿಕೊಂಡರು.

ಮಣ್ಣಿಗೆ ಹೋದೆ. ಆಮೇಲೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಟೀ, ಸ್ಯಾಂಡ್‌ವಿಚ್ ಇಟ್ಟಿದ್ದರು. ಲೀಡ್ಸ್‌ನಿಂದ ಬಂದಿದ್ದ ಅವರ ಮಗಳು ದೂರದಿಂದಲೇ ಗುರುತು ಹಿಡಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಹಂಸ ಹೊಡೆದವರು ನೀವೇ ಅಲ್ವಾ? ಪ್ರತಿ ಕ್ರಿಸ್‌ಮಸ್ಸಿಗೂ ಡ್ಯಾಡ್ ಆ ಕಥೆ ಹೇಳಿ ನಮ್ಮನ್ನೆಲ್ಲ ನಗಿಸೋರು!" ಅವಳ ಕಣ್ಣಲ್ಲಿ ಕುಹಕ ಇರಲಿಲ್ಲ, ನೀರಿತ್ತು.

"ನಾನು ಹೊಡೆದಿಲ್ಲ," ಎಂದೆ.

ಅವಳು ಅಳುತ್ತಲೇ ನಕ್ಕಳು. "ನೀವು ಹೀಗೇ ಹೇಳ್ತೀರ ಅಂತಾನೂ ಹೇಳಿದ್ರು."

ಅಪ್ಪನನ್ನು ಆಗಷ್ಟೇ ಕಳಿಸಿ ಬಂದ ಮಗಳ ಮುಂದೆ ಇನ್ನೇನು ವಾದ ಮಾಡಲಿ? ಸ್ಯಾಂಡ್‌ವಿಚ್ ಅಲ್ಲೇ ಇಟ್ಟು ಬಸ್ಸು ಹಿಡಿದೆ.

ಈಗ ಆ ಮನೆಯಲ್ಲಿ ದಾವಣಗೆರೆ ಕಡೆಯ ಹುಡುಗರು ಬಾಡಿಗೆಗಿದ್ದಾರೆ, ಯೂನಿವರ್ಸಿಟಿಗೆ ಓದಲು ಬಂದವರು. ಮೊನ್ನೆ ಒಬ್ಬ ಬಟ್ಟೆ ಒಣಹಾಕುತ್ತಾ ಬೇಲಿಯಾಚೆಯಿಂದ, "ಅಂಕಲ್, ನಮಗಿಂತ ಮೊದ್ಲು ಇಲ್ಲಿ ಯಾರಿದ್ರು?" ಎಂದ. ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಒಂದೂ ಪ್ರಶ್ನೆ ಕೇಳದೆ ನಂಬಿದ. "ಎಂಥಾ ಕಳ್ಳ ಮುದುಕ ಅಂಕಲ್ ಅವನು!" ಎಂದ.

ನನಗೆ ರೇಗಿತು. "ಅವರನ್ನ ಹಾಗೆಲ್ಲ ಅನ್ನಬೇಡ," ಎಂದೆ. ಹುಡುಗ ಪೆಚ್ಚಾಗಿ, ಅರ್ಧ ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೋದ. ಅದಕ್ಕಿಂತ ಕೆಟ್ಟ ಮಾತಿನಲ್ಲಿ ನಾನೇ ಅವರನ್ನು ಮನಸ್ಸಿನೊಳಗೆ ಬೈದಿದ್ದೇನೆ, ಈಗಲೂ ಬೈಯುತ್ತೇನೆ... ಬೈಸಿಕೊಳ್ಳಲು ಅವರು ಬೇಲಿಯಾಚೆ ಇರಬೇಕಾಗಿತ್ತು.